ಹಾಜರಿ ಪುಸ್ತಕದ ಹೆಸರು, ಗೆಳತಿ ಕರೆಯುವ ಹೆಸರು

(ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಆಪ್ತಸಮಾಲೋಚಕಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಇಂಥ ಸಭೆಗಳಲ್ಲಿ ಟ್ರಾನ್ಸ್ ಮಕ್ಕಳ ಬಗ್ಗೆ ಮಾತು ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಯಾರಾದರೊಬ್ಬರು, ಅವರು ಯಾವ ಶೌಚಾಲಯಕ್ಕೆ ಹೋಗಬೇಕು ಎಂಬ ಪ್ರಶ್ನೆ ಎತ್ತುತ್ತಾರೆ. ಎತ್ತಬೇಕಾದ ಪ್ರಶ್ನೆಯೇ, ಆಮೇಲೆ ಅದಕ್ಕೆ ಬರುತ್ತೇನೆ. ಆದರೆ ಹದಿನಾಲ್ಕು ವರ್ಷದ ಟ್ರಾನ್ಸ್ ಹುಡುಗಿಯೊಬ್ಬಳ ಎದುರು ಕೂತು, ಶಾಲೆಯಲ್ಲಿ ನಿನಗೆ ಎಲ್ಲಕ್ಕಿಂತ ಕಷ್ಟದ ಹೊತ್ತು ಯಾವುದಮ್ಮ ಎಂದು ಕೇಳಿ ನೋಡಿ. ಮಧ್ಯಾಹ್ನದ ಬಿಡುವು ಎಂದರೆ ಆಶ್ಚರ್ಯಪಡಬೇಡಿ. ತರಗತಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ನೀವು ಹೇಳಿರುತ್ತೀರಿ. ಬಿಡುವಿನಲ್ಲಿ ಅದನ್ನು ಮಕ್ಕಳೇ ತೀರ್ಮಾನಿಸುತ್ತಾರೆ. ಗಂಟೆ ಹೊಡೆದ ಮರುಗಳಿಗೆ ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ. ಇವಳು ಗ್ರಂಥಾಲಯಕ್ಕೆ ಹೋಗಿ ಕೂರುತ್ತಾಳೆ. ಓದುವ ಹುಚ್ಚಿನ ಮಗು ಎಂದು ಗ್ರಂಥಪಾಲಕರು ಮೆಚ್ಚಿಕೊಳ್ಳುತ್ತಾರೆ.

ಆ ಹುಡುಗಿಗೆ ತಾನು ಯಾರೆಂಬುದು ಬಹುಮಟ್ಟಿಗೆ ಗೊತ್ತಿರುತ್ತದೆ. ಗೊತ್ತಿರುವುದನ್ನು ಬದುಕಿ ನೋಡುವುದಕ್ಕೆ ಮಾತ್ರ ಇನ್ನೊಬ್ಬರು ಬೇಕಾಗುತ್ತಾರೆ. ಹೈಸ್ಕೂಲಿನ ವಯಸ್ಸಿನಲ್ಲಿ ಆ ಇನ್ನೊಬ್ಬರು ಅಪ್ಪ ಅಮ್ಮನೂ ಅಲ್ಲ, ಮೇಷ್ಟರೂ ಅಲ್ಲ, ಸಮಾಲೋಚಕಿಯಾದ ನಾನೂ ಅಲ್ಲ. ಅದೇ ಓರಗೆಯ ಒಬ್ಬ ಗೆಳತಿ. ಅಂಥ ಗೆಳತಿಯನ್ನು ಯಾವ ಶಾಲೆಯೂ ಸುತ್ತೋಲೆ ಹೊರಡಿಸಿ ನೇಮಿಸಲಾರದು. ಆದರೆ ಅಂಥ ಗೆಳೆತನ ಹುಟ್ಟದ ಹಾಗೆ ಮಾಡುವುದು ಶಾಲೆಗೆ ಬಹಳ ಸುಲಭ. ಒಳ್ಳೆಯ ಉದ್ದೇಶದಿಂದಲೇ ಮಾಡಿಬಿಡಬಹುದು. ಇಂದು ನನ್ನ ಮಾತೆಲ್ಲ ಇದರ ಸುತ್ತಲೇ.

ಎಲ್ಲರಿಗೂ ಪರಿಚಯವಿಲ್ಲದಿರಬಹುದು, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಹುಟ್ಟಿದಾಗ ಗಂಡುಮಗು ಎಂದು ದಾಖಲಾಗಿ, ಬೆಳೆಯುತ್ತ ತಾನು ಹೆಣ್ಣೆಂದು ಅರಿತವಳು ಟ್ರಾನ್ಸ್ ಹುಡುಗಿ. ಇದು ಮನೋರೋಗವೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೇ ಆವೃತ್ತಿಯಲ್ಲಿ ಇದನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. 2019ರಲ್ಲಿ ಒಪ್ಪಿಗೆ ಪಡೆದ ಆ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಭಾರತದ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಹೇಳಿತು. ಇವೆಲ್ಲ ಕಾಗದದ ಮೇಲಿನ ಗುರುತುಗಳು. ಬೇಕೇ ಬೇಕು. ಆದರೆ ಬಿಡುವಿನ ಹೊತ್ತಿನಲ್ಲಿ ಯಾವ ತೀರ್ಪೂ ಬಂದು ಪಕ್ಕದಲ್ಲಿ ಕೂರುವುದಿಲ್ಲ.

ಇದೆಲ್ಲ ಹೈಸ್ಕೂಲಿನಲ್ಲಿಯೇ ಏಕೆ ಇಷ್ಟು ಕಠಿಣವಾಗುತ್ತದೆ? ದೇಹ ಬದಲಾಗುವುದು ಆಗ. ಗಂಡುದೇಹದಲ್ಲಿ ಪ್ರೌಢತೆಯ ಬದಲಾವಣೆಗಳು ಸಾಮಾನ್ಯವಾಗಿ 9ರಿಂದ 14ರ ವಯಸ್ಸಿನೊಳಗೆ ಶುರುವಾಗುತ್ತವೆ. ಕೆಲವು ವರ್ಷಗಳಲ್ಲಿ ಧ್ವನಿ ಒಡೆಯುತ್ತದೆ, ಮೀಸೆ ಮೂಡುತ್ತದೆ, ಭುಜ ಅಗಲವಾಗುತ್ತದೆ. ಬೇರೆ ಹುಡುಗರು ಕನ್ನಡಿಯ ಮುಂದೆ ನಿಂತು ಎಣಿಸಿಕೊಳ್ಳುವ ಕೂದಲೆಳೆಗಳು ಇವಳಿಗೆ ಒಂದೊಂದೂ ಸೋಲು. ಅದರಲ್ಲೂ ಧ್ವನಿ. ಮುಖವನ್ನು ಕೂದಲಿನಿಂದ ಮರೆಮಾಡಬಹುದು, ಮೈಯನ್ನು ಸಡಿಲ ಬಟ್ಟೆಯಿಂದ. ಧ್ವನಿಯನ್ನು ಮುಚ್ಚಲು ಇರುವ ದಾರಿ ಮೌನ ಒಂದೇ. ಏಳನೇ ತರಗತಿಯವರೆಗೆ ಪದ್ಯ ಓದಲು ಮೊದಲು ಕೈಯೆತ್ತುತ್ತಿದ್ದ ಮಗು ಒಂಬತ್ತನೇ ತರಗತಿಯಲ್ಲಿ ತುಟಿ ಬಿಚ್ಚುವುದಿಲ್ಲ. ಪ್ರಗತಿಪತ್ರದಲ್ಲಿ ನೀವು "ತರಗತಿಯಲ್ಲಿ ಭಾಗವಹಿಸುವುದಿಲ್ಲ" ಎಂದು ಬರೆಯುತ್ತೀರಿ. ಹಾಗೆ ಮೌನವಾದ ಮಕ್ಕಳೆಲ್ಲ ಟ್ರಾನ್ಸ್ ಮಕ್ಕಳು ಎಂದು ದಯವಿಟ್ಟು ಊಹಿಸಬೇಡಿ. ಹೊರಗಿನಿಂದ ಊಹಿಸಲು ಹೊರಟವರು ಈ ವಿಷಯದಲ್ಲಿ ಸಾಕಷ್ಟು ಹಾನಿ ಮಾಡಿದ್ದಾರೆ. ಮೌನಕ್ಕೆ ಸೋಮಾರಿತನವಲ್ಲದ ಕಾರಣಗಳೂ ಇರುತ್ತವೆ ಎಂಬುದಷ್ಟೇ ನನ್ನ ಮಾತು.

ಈಗ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇನೆ. ನಿಜದಲ್ಲಿ ಅವಳು ಒಬ್ಬಳಲ್ಲ. ಯಾರ ಗುರುತೂ ಸಿಗಬಾರದೆಂದು ಹಲವು ಮಕ್ಕಳ ಅನುಭವಗಳನ್ನು ಬೆರೆಸಿ ಒಬ್ಬಳನ್ನಾಗಿ ಮಾಡಿಕೊಂಡಿದ್ದೇನೆ. ಹೆಸರನ್ನೂ ಕೊಡುವುದಿಲ್ಲ.

ಒಂಬತ್ತನೇ ತರಗತಿ. ಹಾಜರಿ ಕರೆದಾಗ ಇವಳು ಬಾಯಲ್ಲಿ ಉತ್ತರಿಸುವುದಿಲ್ಲ, ಕೈಯೆತ್ತುತ್ತಾಳೆ. ವಿಜ್ಞಾನದ ಪ್ರಯೋಗಾಲಯದಲ್ಲಿ ಕ್ರಮಸಂಖ್ಯೆಯ ಪ್ರಕಾರ ಇಬ್ಬಿಬ್ಬರ ಜೋಡಿ ಮಾಡಿದ್ದರು. ಹಾಗೆ ಇವಳ ಪಾಲಿಗೆ ಒಬ್ಬ ಹುಡುಗಿ ಬಂದಳು. ಗೆಳೆತನವೇನೂ ಅಲ್ಲ, ಸಂಖ್ಯೆಯ ಕಾಕತಾಳೀಯ. ಒಂದು ದಿನ ಆ ಹುಡುಗಿ ಅಂಕಿಅಂಶ ನಕಲು ಮಾಡಿಕೊಳ್ಳಲು ಇವಳ ನೋಟ್‌ಬುಕ್ ತೆಗೆದುಕೊಂಡಳು. ಕೊನೆಯ ಪುಟದಲ್ಲಿ ಒಂದು ಹೆಣ್ಣಿನ ಹೆಸರು, ಬೇರೆ ಬೇರೆ ಅಕ್ಷರಶೈಲಿಯಲ್ಲಿ, ಪುಟದ ತುಂಬ. ಯಾರಿದು, ನೀನು ಇಷ್ಟಪಟ್ಟಿರುವ ಹುಡುಗಿಯೇ ಎಂದು ಕೇಳಿದಳು. ಹೌದು ಎಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಇವಳು ಹಾಗೆ ಮಾಡದೆ, ನಾನೇ ಎಂದಳು.

ಆ ಹುಡುಗಿ ಏನೂ ಹೇಳಲಿಲ್ಲ. ನೋಟ್‌ಬುಕ್ ಮುಚ್ಚಿ ಹಿಂದಕ್ಕೆ ಕೊಟ್ಟಳು. ಇವಳು ಆ ರಾತ್ರಿ ನಿದ್ದೆ ಮಾಡಿರಲಾರಳು. ಮರುದಿನ ಗಣಿತದ ಅವಧಿಯಲ್ಲಿ ಒಂದು ಚೀಟಿ ಬಂತು: ಮೂರನೇ ಲೆಕ್ಕದ ಉತ್ತರ ಎಷ್ಟು ಬಂತು? ಮೇಲೆ ಸಂಬೋಧನೆಯ ಜಾಗದಲ್ಲಿ ಆ ಹೆಸರು ಇತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಹುಡುಗಿ ಟ್ರಾನ್ಸ್ ಎಂಬ ಪದವನ್ನು ಅಷ್ಟು ಹೊತ್ತಿಗೆ ಕೇಳಿದ್ದಳೋ ಇಲ್ಲವೋ ಗೊತ್ತಿಲ್ಲ. ನಾನು ನಿನ್ನ ಜೊತೆಗಿದ್ದೇನೆ ಎಂದು ಭಾಷಣ ಮಾಡಲಿಲ್ಲ. ಧೈರ್ಯಶಾಲಿ ಎಂದು ಹೊಗಳಲಿಲ್ಲ. ಲೆಕ್ಕದ ಉತ್ತರ ಕೇಳಿದಳು. ನಾವು ದೊಡ್ಡವರು ಇಂಥ ಕಡೆ ಏನಾದರೂ ಘನವಾದದ್ದನ್ನು ಹೇಳಿಯೇ ತೀರಬೇಕೆಂದು ಹೊರಡುತ್ತೇವೆ. ಆ ಘನತೆಯ ಭಾರಕ್ಕೇ ಮಗು ಕುಗ್ಗಿಹೋಗುತ್ತದೆ.

ಮುಂದೆ ಆ ಹೆಸರು ಪ್ರಯೋಗಾಲಯದಲ್ಲಿ ಪಿಸುಮಾತಾಗಿ ಬಂತು, ಆಮೇಲೆ ಶಾಲೆಯಿಂದ ಹೊರಡುವ ದಾರಿಯಲ್ಲಿ ಸಹಜ ದನಿಯಲ್ಲಿ. ಕೂದಲು ಹೇಗೆ ಬಾಚಿಕೊಳ್ಳಬೇಕು ಎಂಬುದರಿಂದ ಹಿಡಿದು ಯಾರ ಮೇಲೆ ಯಾರಿಗೆ ಏಕೆ ಮುನಿಸು ಎಂಬುದರವರೆಗೆ ಮಾತಾಯಿತು. ಹುಡುಗಿಯರು ಹತ್ತು ವರ್ಷಗಳಿಂದ ಒಬ್ಬರಿಂದೊಬ್ಬರು ಕಲಿತದ್ದನ್ನು ಇವಳು ಕೆಲವೇ ತಿಂಗಳಲ್ಲಿ ಕಲಿಯಬೇಕಿತ್ತು. ಕೋಪ ಬಂದಾಗ ಮಾತು ಬಿಡುವುದು ಹೇಗೆ, ಮತ್ತೆ ಮಾತಾಡಿಸುವುದು ಹೇಗೆ, ಗೇಲಿಯನ್ನು ನಿಂದೆಯಿಂದ ಬೇರ್ಪಡಿಸಿ ನೋಡುವುದು ಹೇಗೆ. ಇದಕ್ಕೆ ಪಠ್ಯಪುಸ್ತಕವಿಲ್ಲ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು, ಆದರೆ ಹದಿನಾಲ್ಕರ ಗೆಳೆತನ ಎಲ್ಲಿಯೂ ಅಷ್ಟು ನೆಟ್ಟಗಿರುವುದಿಲ್ಲ. ಆ ಗೆಳತಿ ಗುಟ್ಟನ್ನು ಇನ್ನೊಬ್ಬಳಿಗೆ ಹೇಳಿದಳು. ಕೇಡಿನಿಂದಲ್ಲ, ಗುಟ್ಟು ಹೊತ್ತುಕೊಳ್ಳುವುದು ಆ ವಯಸ್ಸಿಗೆ ಭಾರ. ಆ ಇನ್ನೊಬ್ಬಳಿಂದ ಅದು ತರಗತಿಯ ಮೊಬೈಲ್ ಗುಂಪಿಗೆ ಹೋಯಿತು. ಮರುದಿನ ಕಪ್ಪುಹಲಗೆಯ ಮೇಲೆ ಆ ಹೆಸರು ದೊಡ್ಡದಾಗಿ ಬರೆದಿತ್ತು, ಕೆಳಗೆ ನಗುವವರ ಚಿತ್ರ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಷ್ಟು ಜತನದಿಂದ ಬರೆದುಕೊಂಡ ಹೆಸರು. ಇವಳು ಅಂದಿನಿಂದ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು.

ಗೆಳತಿ ಹುಡುಕಿಕೊಂಡು ಹೋದಳು. ಬಾಗಿಲು ತೆರೆಯಲಿಲ್ಲ. ಮತ್ತೆ ಹೋದಳು. ಕ್ಷಮೆ ಕೇಳಿದಳು, ಬೈಸಿಕೊಂಡಳು. ಇವಳು ಶಾಲೆಗೆ ಮರಳಿದ ದಿನ ಬಿಡುವಿನಲ್ಲಿ ಅವಳು ಗಟ್ಟಿಯಾಗಿ, ಇಡೀ ಕೋಣೆಗೆ ಕೇಳುವಂತೆ, ಅದೇ ಹೆಸರಿನಿಂದ ಕರೆದು ಪಕ್ಕದಲ್ಲಿ ಜಾಗ ಮಾಡಿದಳು. ಎಲ್ಲರೂ ಒಪ್ಪಿದರು ಎಂದು ಭಾವಿಸಬೇಡಿ. ಕೆಲವರು ಎದ್ದು ಹೋದರು, ಕೆಲವರು ಮುಖ ತಿರುಗಿಸಿದರು. ಇಬ್ಬರು ಹುಡುಗಿಯರು ಮಾತ್ರ ಬಂದು ಕೂತರು. ಎದ್ದು ಹೋದವರ ಲೆಕ್ಕವನ್ನು ಶಾಲೆಯ ವರದಿಯಲ್ಲಿ ಬರೆದುಕೊಂಡರು. ಬಂದು ಕೂತ ಇಬ್ಬರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಸ್ವಲ್ಪ ದಾರಿ ತಪ್ಪಿ ಒಂದು ಹಳೆಯ ಮಾತಿಗೆ ಹೋಗುತ್ತೇನೆ. ಹ್ಯಾರಿ ಸ್ಟ್ಯಾಕ್ ಸಲಿವನ್ ಎಂಬ ಅಮೆರಿಕದ ಮನೋವೈದ್ಯರಿದ್ದರು. ಹೊಲಮನೆಯೊಂದರಲ್ಲಿ ಒಂಟಿಯಾಗಿ ಬೆಳೆದವರು. ಬಾಲ್ಯ ಮುಗಿದು ಹರೆಯ ಬರುವ ಮೊದಲು ಮಗುವಿಗೆ ತನ್ನಂಥದೇ ಒಬ್ಬ ಆಪ್ತ ಜೊತೆ ಬೇಕಾಗುತ್ತದೆ, ಆ ಜೊತೆಯ ಕಣ್ಣಿನಿಂದ ಮಗು ಮೊದಲ ಸಲ ತನ್ನನ್ನು ನೋಡಿಕೊಳ್ಳುತ್ತದೆ, ಮನೆಯಲ್ಲಿ ಆದ ಗಾಯಗಳು ಸಹ ಅಲ್ಲಿ ವಾಸಿಯಾಗಬಹುದು ಎಂದು ಅವರು ವಾದಿಸಿದರು. ಅವರು ತೀರಿಕೊಂಡದ್ದು 1949ರಲ್ಲಿ. ಈ ವಿಚಾರಗಳು ಪುಸ್ತಕರೂಪದಲ್ಲಿ ಬಂದದ್ದು 1953ರಲ್ಲಿ. ಟ್ರಾನ್ಸ್ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಆದರೂ ನನಗೆ ಆ ಮಾತು ಇವಳ ವಿಷಯದಲ್ಲಿ ಮತ್ತೆ ಮತ್ತೆ ನೆನಪಾಗುತ್ತದೆ. ಒಂಬತ್ತು, ಹತ್ತನೇ ವಯಸ್ಸಿನಲ್ಲಿ ಸಿಗಬೇಕಾಗಿದ್ದ "ತನ್ನಂಥ ಜೊತೆ" ಇವಳಿಗೆ ಸಿಗಲಿಲ್ಲ. ಹುಡುಗರ ಗುಂಪಿನಲ್ಲಿ ಇವಳು ತನ್ನನ್ನು ಕಾಣಲಿಲ್ಲ, ಹುಡುಗಿಯರ ಗುಂಪು ಇವಳನ್ನು ಸೇರಿಸಲಿಲ್ಲ. ಆ ಬಾಕಿಯೆಲ್ಲ ಹೈಸ್ಕೂಲಿನಲ್ಲಿ ತೀರಬೇಕು, ಅದೂ ಧ್ವನಿ ಒಡೆಯುತ್ತಿರುವ ಹೊತ್ತಿನಲ್ಲಿ.

ಇದು ಬರೀ ನನ್ನ ಭಾವುಕತೆಯಲ್ಲ. 1999ರಲ್ಲಿ ಪ್ರಕಟವಾದ, ಕೆನಡಾದ ಸಂಶೋಧಕರೂ ಇದ್ದ ಒಂದು ಅಧ್ಯಯನ ಶಾಲಾಮಕ್ಕಳನ್ನು ಒಂದು ವರ್ಷ ಹಿಂಬಾಲಿಸಿತು. ಸಹಪಾಠಿಗಳ ಕಿರುಕುಳಕ್ಕೆ ಒಳಗಾದ ಮಕ್ಕಳಲ್ಲಿ, ಪರಸ್ಪರ ಒಪ್ಪಿಕೊಂಡ ಒಬ್ಬ ಆಪ್ತ ಗೆಳೆಯನೂ ಇಲ್ಲದವರ ಮನಃಸ್ಥಿತಿ ಹದಗೆಟ್ಟಿತು. ಅಂಥ ಒಬ್ಬರಾದರೂ ಇದ್ದವರಲ್ಲಿ ಕಿರುಕುಳಕ್ಕೆ ಆ ಪರಿಣಾಮ ಕಾಣಲಿಲ್ಲ. ಅಲ್ಲಿ ಕೇಳಿದ್ದು ಜನಪ್ರಿಯತೆಯನ್ನಲ್ಲ, ಇಡೀ ತರಗತಿಯ ಒಪ್ಪಿಗೆಯನ್ನೂ ಅಲ್ಲ. ಒಬ್ಬರು ಇದ್ದಾರೆಯೇ ಎಂದಷ್ಟೇ.

ಹೆಸರಿನ ಬಗ್ಗೆಯೂ ಲೆಕ್ಕವಿದೆ. ಸ್ಟೀಫನ್ ರಸೆಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಮೂರು ನಗರಗಳ, 15ರಿಂದ 21 ವರ್ಷದ, 129 ಟ್ರಾನ್ಸ್ ಮತ್ತು ಅವರಂಥ ಎಳೆಯರನ್ನು ಕುರಿತದ್ದು. ತಾವೇ ಆರಿಸಿಕೊಂಡ ಹೆಸರಿನಿಂದ ಎಲ್ಲೆಲ್ಲಿ ಕರೆಯುತ್ತಾರೆ ಎಂದು ಕೇಳಿದರು: ಮನೆ, ಶಾಲೆ, ಕೆಲಸದ ಜಾಗ, ಗೆಳೆಯರು. ಹಾಗೆ ಕರೆಯುವ ಜಾಗ ಒಂದು ಹೆಚ್ಚಿದಂತೆ ಆತ್ಮಹತ್ಯೆಯ ಯೋಚನೆ ಶೇ. 29ರಷ್ಟು, ಆತ್ಮಹತ್ಯೆಯ ಯತ್ನದಂಥ ನಡವಳಿಕೆ ಶೇ. 56ರಷ್ಟು ಕಡಿಮೆ ಕಂಡಿತು. ಚಿಕ್ಕ ಅಧ್ಯಯನ, ಒಂದರಿಂದಲೇ ಇನ್ನೊಂದಾಯಿತು ಎಂದು ಅದು ಸಾಬೀತು ಮಾಡುವುದಿಲ್ಲ. ಆದರೆ ಹೆಸರು ಕರೆಯುವುದಕ್ಕೆ ಹಣ ಬೇಡ, ಕಟ್ಟಡ ಬೇಡ. ಹಾಜರಿ ಪುಸ್ತಕದ ಹೆಸರು ಬದಲಾಗಲು ಅರ್ಜಿ, ಪ್ರಮಾಣಪತ್ರ, ಸಹಿ ಎಲ್ಲ ಬೇಕು. ಅದು ನಿಮ್ಮ ಕೈಯಲ್ಲಿಲ್ಲದಿರಬಹುದು. ಮಗು ಒಪ್ಪಿದರೆ ನಾಲಗೆಯ ಮೇಲಿನ ಹೆಸರು ಇವತ್ತೇ ಬದಲಾಗಬಹುದು. "ಮಗು ಒಪ್ಪಿದರೆ" ಎಂಬುದನ್ನು ಒತ್ತಿ ಹೇಳುತ್ತೇನೆ. ಉತ್ಸಾಹದಿಂದ ಇಡೀ ತರಗತಿಗೆ ಘೋಷಿಸುವ ಶಿಕ್ಷಕರೂ ಕಪ್ಪುಹಲಗೆಯ ಮೇಲೆ ಬರೆದವರ ಕೆಲಸವನ್ನೇ ಮಾಡಿದ ಹಾಗೆ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದು ಅವಳ ಲೆಕ್ಕಾಚಾರ.

ಈಗ ಶೌಚಾಲಯ. ಇದಕ್ಕೆ ನಿಕೋಲ್ ಮೈನ್ಸ್ ಅವರ ಪ್ರಕರಣವನ್ನೇ ಹೇಳುತ್ತೇನೆ, ಏಕೆಂದರೆ ಅದು ನ್ಯಾಯಾಲಯದ ದಾಖಲೆಯಲ್ಲಿದೆ, ಆಕೆಯೂ ಸಾರ್ವಜನಿಕವಾಗಿ ಮಾತಾಡಿದ್ದಾರೆ. ಅಮೆರಿಕದ ಮೇನ್ ರಾಜ್ಯದ ಟ್ರಾನ್ಸ್ ಮಹಿಳೆ. ತದ್ರೂಪಿ ಅವಳಿಗಳಲ್ಲಿ ಒಬ್ಬರು. ಅವಳಿ ಸೋದರ ಜೋನಸ್ ತನ್ನನ್ನು ಗಂಡೆಂದೇ ಅರಿತು ಬೆಳೆದವನು. ಒಂದೇ ಮನೆ, ಒಂದೇ ದಿನದ ಹುಟ್ಟು. ಬೆಳೆಸಿದ ರೀತಿಯಿಂದಲೇ ಹೀಗಾಗುತ್ತದೆ ಎನ್ನುವವರು ಒಂದು ಗಳಿಗೆ ಯೋಚಿಸಲಿ. ನಿಕೋಲ್ ಐದನೇ ತರಗತಿಯಲ್ಲಿ ಹುಡುಗಿಯರ ಶೌಚಾಲಯವನ್ನೇ ಬಳಸುತ್ತಿದ್ದಳು. 2007ರಲ್ಲಿ ಒಬ್ಬ ಹುಡುಗ, ಅವಳು ಹೋಗುವುದಾದರೆ ನಾನೂ ಹೋಗುತ್ತೇನೆ ಎಂದು ಹಿಂದೆಯೇ ಹೋದ. ಹಾಗೆ ಮಾಡಲು ಅವನನ್ನು ಪ್ರೇರೇಪಿಸಿದವರು ಅವನ ಅಜ್ಜ. ಆಮೇಲೆ ಶಾಲೆ ನಿಕೋಲ್‌ಳನ್ನು ಸಿಬ್ಬಂದಿಯ ಶೌಚಾಲಯಕ್ಕೆ ಕಳಿಸಿತು, ಅವಳ ಮೇಲೆ ಕಣ್ಣಿಡಲು ದೊಡ್ಡವರೊಬ್ಬರನ್ನು ಹಿಂದೆ ಬಿಟ್ಟಿತು.

ರಕ್ಷಣೆಗೆ ಎಂದು ಇಂಥ ಏರ್ಪಾಡು ಮಾಡುವ ಶಾಲೆಗಳು ಇನ್ನೂ ಇವೆ. ನೀವೇ ಯೋಚಿಸಿ: ಹತ್ತು ಹೆಜ್ಜೆ ಹಿಂದೆ ದೊಡ್ಡವರು ನಡೆಯುತ್ತಿರುವ ಹುಡುಗಿಗೆ ಯಾರು ಗುಟ್ಟು ಹೇಳುತ್ತಾರೆ? ಹುಡುಗಿಯರು ಶೌಚಾಲಯಕ್ಕೆ ಇಬ್ಬಿಬ್ಬರಾಗಿ ಹೋಗುವುದು ನೀರಿನ ನಲ್ಲಿಗಾಗಿ ಅಲ್ಲ. ಅಳಬೇಕಾದವರು ಅಲ್ಲಿ ಅಳುತ್ತಾರೆ, ಜಗಳ ಅಲ್ಲಿ ಬಗೆಹರಿಯುತ್ತದೆ. ಅವಳನ್ನು ಪ್ರತ್ಯೇಕ ಬಾಗಿಲಿಗೆ ಕಳಿಸಿದಾಗ ನೀವು ಕಿತ್ತುಕೊಳ್ಳುವುದು ಅದನ್ನೂ. ಆದ್ದರಿಂದ ನನ್ನ ಉತ್ತರ ಸರಳ: ಪ್ರತ್ಯೇಕ ಶೌಚಾಲಯ ಯಾವ ವಿದ್ಯಾರ್ಥಿಗೆ ಬೇಕಾದರೂ ಸಿಗುವಂತಿರಲಿ, ಅವಳೊಬ್ಬಳ ಮೇಲೆ ಹೇರುವುದು ಬೇಡ.

ಆ ಕುಟುಂಬ ಬೇರೆ ಊರಿಗೆ ಹೋಯಿತು. ಅಲ್ಲಿನ ಮಾಧ್ಯಮಿಕ ಶಾಲೆಯಲ್ಲಿ ನಿಕೋಲ್ ತಾನು ಟ್ರಾನ್ಸ್ ಎಂಬುದನ್ನು ಯಾರಿಗೂ ತಿಳಿಸದೆ ಕಳೆದಳು. ಯಾರೂ ಗೇಲಿ ಮಾಡಲಿಲ್ಲ, ಯಾರೂ ಹಿಂಬಾಲಿಸಲಿಲ್ಲ. ನೋಡಿ, ಸಮಸ್ಯೆ ಮುಗಿಯಿತಲ್ಲ ಎಂದು ನಮಗೆ ಅನಿಸಬಹುದು. ಆದರೆ ಗುಟ್ಟು ಬಯಲಾದೀತೆಂಬ ಅಂಜಿಕೆ ಇರುವಲ್ಲಿ ಯಾರನ್ನೂ ತೀರ ಹತ್ತಿರಕ್ಕೆ ಬಿಟ್ಟುಕೊಳ್ಳಲಾಗುವುದಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಅವಳು ಮುಚ್ಚಿಡುವುದನ್ನು ಬಿಟ್ಟಳು. 2014ರ ಜನವರಿಯಲ್ಲಿ, ಅವಳು ಹೈಸ್ಕೂಲಿನಲ್ಲಿ ಇರುವಾಗಲೇ, ಮೇನ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹಳೆಯ ಶಾಲೆಯ ಕ್ರಮ ತಾರತಮ್ಯ ಎಂದು ತೀರ್ಪು ಕೊಟ್ಟಿತು. ಮುಂದೆ ಆಕೆ ನಟಿಯಾದರು. ಐದನೇ ತರಗತಿಯಲ್ಲಿ ಆದ ಅನ್ಯಾಯಕ್ಕೆ ಹೈಸ್ಕೂಲಿನಲ್ಲಿ ನ್ಯಾಯ. ಅಷ್ಟು ಹೊತ್ತಿಗೆ ಆ ತರಗತಿಯ ಗೆಳತಿಯರು ಎಲ್ಲೆಲ್ಲೋ.

ಪೋಷಕರಿಂದ ಒಂದು ಪ್ರಶ್ನೆ ಬಂದಿದೆ: ಇಂಥ ಗೆಳೆತನದಿಂದ ನಮ್ಮ ಮಗುವಿಗೂ ಇದು ಅಂಟಿಕೊಂಡರೆ? ನಿಮ್ಮ ಆತಂಕವನ್ನು ತಳ್ಳಿಹಾಕುವುದಿಲ್ಲ. 2018ರಲ್ಲಿ ಒಂದು ಸಂಶೋಧನಾ ಲೇಖನ ಈ ಅನುಮಾನಕ್ಕೆ ಬಲ ಕೊಟ್ಟಿತು. ಅದು 256 ಪೋಷಕರ ಉತ್ತರಗಳ ಮೇಲೆ ನಿಂತದ್ದು, ಮಕ್ಕಳನ್ನು ಕೇಳಿರಲಿಲ್ಲ. ಮರುವರ್ಷ ಅದನ್ನು ಪ್ರಕಟಿಸಿದ ಪತ್ರಿಕೆಯೇ ತಿದ್ದುಪಡಿ ಹೊರತಂದು, ಇದು ಪೋಷಕರ ಕಣ್ಣಿಗೆ ಕಂಡದ್ದು ಮಾತ್ರ ಎಂದು ಸ್ಪಷ್ಟಪಡಿಸಿತು. ಪೋಷಕರಿಗೆ ಕಾಣುವ ಕ್ರಮ ಹೀಗೆ: ಮೊದಲು ಹೊಸ ಗೆಳತಿಯರು, ಆಮೇಲೆ ಮಗು ಬಾಯಿ ಬಿಟ್ಟದ್ದು. ಮಗುವಿನ ಒಳಗಿನ ಕ್ರಮ ಬಹಳ ಸಲ ಬೇರೆ: ಮೊದಲು ಅರಿವು, ಆಮೇಲೆ ಯಾರಿಗೆ ಹೇಳಲಿ ಎಂಬ ಹುಡುಕಾಟ, ಆಮೇಲೆ ಗೆಳತಿ, ಕೊನೆಗೆ ಮನೆ. ನೀವು ಕೊನೆಯವರಾದದ್ದು ನೋವಿನ ಸಂಗತಿ. ಆ ನೋವಿಗೆ ಗೆಳತಿಯನ್ನು ಹೊಣೆ ಮಾಡಬೇಡಿ.

ಮುಂದೆ ಮಗುವಿನ ಮನಸ್ಸು ಬದಲಾದರೆ ಎಂದೂ ಕೇಳುತ್ತಾರೆ. ಕ್ರಿಸ್ಟಿನಾ ಓಲ್ಸನ್ ಅವರ ತಂಡ ಹೆಸರು, ಉಡುಪು, ಸಂಬೋಧನೆಗಳನ್ನು ಬದಲಿಸಿಕೊಂಡ 317 ಮಕ್ಕಳನ್ನು ಸರಾಸರಿ ಐದು ವರ್ಷ ಗಮನಿಸಿ 2022ರಲ್ಲಿ ವರದಿ ಮಾಡಿತು: ಶೇ. 94ರಷ್ಟು ಮಕ್ಕಳು ಆಗಲೂ ತಮ್ಮನ್ನು ಟ್ರಾನ್ಸ್ ಎಂದೇ ಗುರುತಿಸಿಕೊಂಡರು. ಇವರು ಮನೆಯವರ ಬೆಂಬಲವಿದ್ದ ಮಕ್ಕಳು ಎಂಬುದನ್ನು ಮರೆಯಬಾರದು. ಉಳಿದವರಲ್ಲಿ ಕೆಲವರು ಹಿಂದಿನ ಗುರುತಿಗೆ ಮರಳಿದರು. ಮರಳಿದವರಿಗೂ ಗೆಳತಿಯರು ಬೇಕಲ್ಲವೇ? ಹೆಸರು ಬದಲಾದಾಗ ಜೊತೆಗಿದ್ದವಳು ಹೆಸರು ಮತ್ತೆ ಬದಲಾದರೂ ಜೊತೆಗಿರುತ್ತಾಳೆ. ಔಷಧ, ಹಾರ್ಮೋನುಗಳ ವಿಷಯಕ್ಕೆ ನಾನು ಹೋಗುವುದಿಲ್ಲ. ಹದಿಹರೆಯದವರಿಗೆ ಅವನ್ನು ಕೊಡುವುದರ ಬಗ್ಗೆ ದೇಶದೇಶಗಳ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ. ಬ್ರಿಟನ್ನಿನಲ್ಲಿ ಇಂಥ ಮಕ್ಕಳ ಚಿಕಿತ್ಸೆಯನ್ನು ಪರಿಶೀಲಿಸಿದ 2024ರ ಕ್ಯಾಸ್ ವರದಿ ಬಂದ ಮೇಲೆ ಆ ಚರ್ಚೆ ಇನ್ನೂ ಬಿಸಿಯಾಗಿದೆ. ಅದು ಮಗು, ಮನೆಯವರು, ವೈದ್ಯರು ಸೇರಿ ನೋಡಬೇಕಾದದ್ದು. ತರಗತಿಯಲ್ಲಿ ಯಾರೂ ನಿಮ್ಮಿಂದ ಔಷಧದ ಚೀಟಿ ಬರೆಸಿಕೊಳ್ಳಲು ಬಂದಿಲ್ಲ.

ಕೊನೆಯದಾಗಿ ಆ ಗೆಳತಿಯ ಬಗ್ಗೆ. ನಾವು ಅವಳನ್ನು ಮರೆತುಬಿಡುತ್ತೇವೆ. ಪಕ್ಕದಲ್ಲಿ ಕೂತದ್ದಕ್ಕೆ ಅವಳಿಗೂ ಅಡ್ಡಹೆಸರು ಬಂದಿರುತ್ತದೆ, ಅವಳ ಮನೆಯಲ್ಲೂ ಪ್ರಶ್ನೆಗಳು ಎದ್ದಿರುತ್ತವೆ. ರಾತ್ರಿ ಹನ್ನೊಂದಕ್ಕೆ, ನನಗೆ ಬದುಕುವುದು ಬೇಡ ಎಂಬ ಸಂದೇಶ ಅವಳ ಮೊಬೈಲಿಗೆ ಬಂದಿರಬಹುದು. ಹದಿನಾಲ್ಕರ ಹುಡುಗಿ ಒಬ್ಬಳೇ ಹೊರುವ ಭಾರವಲ್ಲ ಅದು. ಅಂಥದ್ದು ಬಂದರೆ ತಕ್ಷಣ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳುವುದು ಗುಟ್ಟು ಮುರಿದ ಹಾಗಲ್ಲ ಎಂದು ಅವಳಿಗೆ ಮೊದಲೇ ತಿಳಿಸಿರಿ. ಹೊಗಳಿ ವೇದಿಕೆಗೆ ಕರೆಯಬೇಡಿ. ಸುಮ್ಮನೆ, ಬೇರೆ ಯಾವುದೋ ನೆಪದಲ್ಲಿ, ನೀನು ಹೇಗಿದ್ದೀಯ ಎಂದು ಕೇಳಿ.

ಅವರಿಬ್ಬರೂ ಜಗಳವಾಡಿಕೊಂಡರೆ ಬಿಟ್ಟುಬಿಡಿ. ಗುಂಪು ಚಟುವಟಿಕೆಯಲ್ಲಿ ಅವಳ ಜೊತೆ ನನ್ನನ್ನು ಹಾಕಬೇಡಿ, ಅವಳು ಕೆಲಸವನ್ನೆಲ್ಲ ನನ್ನ ಮೇಲೆ ಬಿಡುತ್ತಾಳೆ ಎಂದು ದೂರು ತಂದರೆ, ಬೇರೆ ಯಾವ ಇಬ್ಬರು ಹುಡುಗಿಯರ ದೂರನ್ನು ಹೇಗೆ ವಿಚಾರಿಸುತ್ತೀರೋ ಹಾಗೆಯೇ ವಿಚಾರಿಸಿ. ಪಾಪ, ಅವಳಿಗೆ ಮೊದಲೇ ಕಷ್ಟ, ನೀನೇ ಹೊಂದಿಕೊಂಡು ಹೋಗು ಎಂದು ಹೇಳಲು ಹೋಗಬೇಡಿ. ನಿಜವಾಗಿಯೂ ಕೆಲಸ ಮಾಡಿಲ್ಲವಾದರೆ ಅಂಕ ಕಡಿಯಿರಿ.